ಹಾಳೆ, ಹಾವಸೆ, ತೇಪೆ: ಮಳೆಗಾಲದಲ್ಲಿ ಬೈಕ್ ಜಾರುವುದೇಕೆ?

ಕಾಸರಗೋಡು: ಜೂನ್ ತಿಂಗಳ ಮೊದಲ ಮಳೆ ಬಿದ್ದ ಮರುದಿನ ಪೇಟೆಯ ಗ್ಯಾರೇಜುಗಳ ಮುಂದೆ ಒಂದೇ ಬಗೆಯ ಬೈಕುಗಳು ಬಂದು ನಿಲ್ಲುತ್ತವೆ. ಒಂದು ಬದಿಯ ಕನ್ನಡಿ ಇಲ್ಲ, ಬ್ರೇಕ್ ಹಿಡಿ ಬಾಗಿದೆ, ಸೈಲೆನ್ಸರಿನ ಮೇಲೆ ಕೆಂಪು ಮಣ್ಣು ಮೆತ್ತಿದೆ. ಬಿದ್ದವರ ಮಾತೂ ಒಂದೇ: "ಸ್ಪೀಡ್ ಏನೂ ಇರಲಿಲ್ಲ ಮಾರಾಯ್ರೆ, ಸುಮ್ಮನೆ ಜಾರಿತು."

ಆ ಮಾತು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಬೀಳುವವರೆಲ್ಲ ವೇಗದ ಹುಚ್ಚು ಹಿಡಿದ ಹುಡುಗರಲ್ಲ. ಹಾಲಿನ ಸೊಸೈಟಿಗೆ ಕ್ಯಾನ್ ಕಟ್ಟಿಕೊಂಡು ಹೊರಟವರು, ನಸುಕಿನಲ್ಲೇ ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಮಕ್ಕಳನ್ನು ಶಾಲೆಗೆ ಬಿಡಲು ಸ್ಕೂಟರ್ ಹತ್ತಿದ ತಾಯಂದಿರು ಕೂಡ ಬೀಳುತ್ತಾರೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ, ಗುಡ್ಡ ಹತ್ತಿಳಿಯದೆ ಎಲ್ಲಿಗೂ ಹೋಗಲಾಗದ ಈ ಜಿಲ್ಲೆಯಲ್ಲಿ ಬೈಕ್ ಬಿಟ್ಟು ಬದುಕುವುದು ಸಾಧ್ಯವಿಲ್ಲ. ಹಾಗಾಗಿ ಅದು ಯಾಕೆ ಜಾರುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಬೈಕಿನ ಟಯರು ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಆ ಅಂಗೈ ಅಗಲದ ಹಿಡಿತವನ್ನು ಒಂದು ಕೊಡ ನೀರು ಎಂದು ಭಾವಿಸಿ. ಬ್ರೇಕ್ ಹಾಕುವುದಕ್ಕೂ ಅದೇ ನೀರು, ತಿರುಗುವುದಕ್ಕೂ ಅದೇ, ಎಕ್ಸಿಲೇಟರ್ ಕೊಡುವುದಕ್ಕೂ ಅದೇ. ಒಣ ರಸ್ತೆಯಲ್ಲಿ ಕೊಡ ತುಂಬಿರುವುದರಿಂದ ತಿರುಗುತ್ತಾ ಬ್ರೇಕ್ ಹಾಕಿದರೂ ನಡೆದುಹೋಗುತ್ತದೆ. ಒದ್ದೆ ರಸ್ತೆಯಲ್ಲಿ ಕೊಡ ಅರ್ಧಕ್ಕಿಳಿಯುತ್ತದೆ. ಜಲ್ಲಿ, ಕೆಸರು, ಹಾವಸೆಯ ಮೇಲಂತೂ ತಳದಲ್ಲಿ ನಾಲ್ಕು ಹನಿ. ಆಗ ಎರಡು ಕೆಲಸವನ್ನು ಒಟ್ಟಿಗೆ ಮಾಡಹೊರಟರೆ ಟಯರು ಜಾರುತ್ತದೆ. ಸ್ಪೀಡ್ ಇಪ್ಪತ್ತೈದೇ ಇರಲಿ, ಜಾರುತ್ತದೆ.

ಕೆಳಗೆ ಹೇಳಿರುವುದೆಲ್ಲ ಇದನ್ನೇ ಅವಲಂಬಿಸಿದೆ: ಜಾರುವ ಜಾಗಕ್ಕೆ ಬರುವ ಮೊದಲೇ ಬ್ರೇಕ್ ಕೆಲಸ ಮುಗಿಸಬೇಕು. ಆ ಜಾಗದ ಮೇಲೆ ಬೈಕ್ ನೆಟ್ಟಗೆ ನಿಂತು ಸುಮ್ಮನೆ ಉರುಳಿಕೊಂಡು ಹೋಗಬೇಕು.

ರಸ್ತೆಯನ್ನು ಓದುವುದು

ಬೇಸಿಗೆಯಿಡೀ ರಸ್ತೆಯ ಮೇಲೆ ಎಣ್ಣೆ, ಟಯರಿನ ರಬ್ಬರ್ ಪುಡಿ, ಧೂಳು ಕೂಡುತ್ತದೆ. ಮೊದಲ ಮಳೆ ಬಿದ್ದಾಗ ಇವೆಲ್ಲ ಸೇರಿ ಗಂಜಿಯಂತಾಗುತ್ತದೆ. ಜೋರು ಮಳೆ ಬಂದರೆ ಅದು ತೊಳೆದುಹೋದೀತು. ಆದರೆ ಹನಿಹನಿ ಮಳೆಯ ಮೊದಲ ಅರ್ಧ ಗಂಟೆ ಬಹಳ ಅಪಾಯದ್ದು. ಆ ಹೊತ್ತಿಗೆ ಅಂಗಡಿ ಜಗಲಿಯಲ್ಲಿ ನಿಂತು ಒಂದು ಚಾ ಕುಡಿದರೆ ನಷ್ಟವಿಲ್ಲ. ಬಸ್ ನಿಲ್ಲುವ ಜಾಗ, ಸರ್ಕಲುಗಳಲ್ಲಿ ಎಣ್ಣೆ ಸೋರಿರುತ್ತದೆ. ಕರಾವಳಿಯ ಹೆದ್ದಾರಿಯಲ್ಲಿ ಮೀನಿನ ಲಾರಿಗಳ ನೀರು ಸುರಿದ ಗೆರೆ ಕಾಣಿಸುತ್ತದೆ, ಅದೂ ಜಾರುತ್ತದೆ. ರಸ್ತೆಗೆ ಬಳಿದ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ, ಸೇತುವೆಯ ಜಾಯಿಂಟಿನ ಕಬ್ಬಿಣ, ರೈಲ್ವೆ ಗೇಟಿನ ಹಳಿ ಎಲ್ಲವೂ ಒದ್ದೆಯಾದಾಗ ಗಾಜಿನಂತೆ. ಹಳಿಯನ್ನು ಓರೆಯಾಗಿ ದಾಟಬೇಡಿ, ಆದಷ್ಟು ನೇರವಾಗಿ ದಾಟಿ.

ಒಳರಸ್ತೆಗಳ ಕಥೆಯೇ ಬೇರೆ. ತೋಟದ ನೆರಳಲ್ಲಿ ಬಿಸಿಲು ಕಾಣದ ಕಾಂಕ್ರೀಟ್ ರಸ್ತೆಗೆ ಜುಲೈ ಹೊತ್ತಿಗೆ ಹಾವಸೆ ಹಿಡಿದಿರುತ್ತದೆ. ವಾಹನಗಳ ಗಾಲಿ ಉಜ್ಜಿದ ಎರಡು ಗೆರೆಗಳಲ್ಲಿ ಮಾತ್ರ ಕಾಂಕ್ರೀಟ್ ಕಾಣುತ್ತದೆ, ನಡುವೆ ಹಸಿರು. ಗೆರೆ ಬಿಟ್ಟು ನಡುವಿಗೆ ಬಂದರೆ ಬ್ರೇಕ್ ಮುಟ್ಟುವ ಹಾಗಿಲ್ಲ.

ಇನ್ನು ಅಡಿಕೆ ಹಾಳೆ. ಚಿಕ್ಕಂದಿನಲ್ಲಿ ಹಾಳೆಯ ಮೇಲೆ ಕುಳಿತು ಅಂಗಳವಿಡೀ ಎಳೆಸಿಕೊಂಡವರಿಗೆ ಅದರ ಗುಣ ಹೇಳಬೇಕಾಗಿಲ್ಲ. ನಾನು ಬಿದ್ದದ್ದೂ ಹಾಳೆಯ ಮೇಲೆಯೇ. ಇಳಿಜಾರಿನ ತಿರುವು, ಎದುರಿಗೆ ಸೋಗೆ ಸಮೇತ ಬಿದ್ದ ಹಾಳೆ. ಕಂಡ ಕೂಡಲೇ ಗಾಬರಿಯಿಂದ ಬ್ರೇಕ್ ಒತ್ತಿದೆ. ಒತ್ತಿದ ಕ್ಷಣ ಮುಂದಿನ ಗಾಲಿ ಹಾಳೆಯ ಮೇಲಿತ್ತು. ಆರು ವಾರ ಎಡಗೈಗೆ ಪ್ಲಾಸ್ಟರ್. ಬ್ರೇಕ್ ಒತ್ತದೆ ನೇರ ಹೋಗಿದ್ದರೆ ಬಹುಶಃ ಬೀಳುತ್ತಿರಲಿಲ್ಲ ಎಂದು ಆ ಆರು ವಾರ ಯೋಚಿಸಿದ್ದೇನೆ.

ತೇಪೆ ನಿಲ್ಲುವುದಿಲ್ಲ ಏಕೆ?

ಡಾಮರಿಗೆ ನೀರೇ ಶತ್ರು. ಒದ್ದೆ ಕಲ್ಲಿಗೆ ಬಿಸಿ ಡಾಮರು ಅಂಟುವುದಿಲ್ಲ. ಸರಿಯಾಗಿ ತೇಪೆ ಹಾಕಬೇಕಾದರೆ ಹೊಂಡದ ಅಂಚನ್ನು ಚೌಕವಾಗಿ ಕಡಿದು, ಒಳಗಿನ ನೀರು ಮಣ್ಣು ತೆಗೆದು, ಒಣಗಿಸಿ, ತೆಳುವಾಗಿ ಡಾಮರು ಬಳಿದು, ಆಮೇಲೆ ಜಲ್ಲಿ ಮಿಶ್ರಣ ತುಂಬಿ ರೋಲರ್ ಓಡಿಸಬೇಕು. ಮಳೆಗಾಲದಲ್ಲಿ ಇದಕ್ಕೆ ಬಿಡುವು ಸಿಗುವುದಿಲ್ಲ. ಹಾಗಾಗಿ ಜಲ್ಲಿ ಮತ್ತು ಕ್ರಷರ್ ಪುಡಿ ಸುರಿದು ಹೋಗುತ್ತಾರೆ. ನಾಲ್ಕು ಬಸ್ ಹೋದ ಮೇಲೆ ಪುಡಿ ತೊಳೆದುಹೋಗಿ ಜಲ್ಲಿ ರಸ್ತೆಯಿಡೀ ಚೆಲ್ಲುತ್ತದೆ. ಹೊಂಡ ಮೊದಲು ಒಂದೇ ಕಡೆ ಇತ್ತು, ಈಗ ಹೊಂಡವೂ ಇದೆ, ಹತ್ತು ಮೀಟರ್ ಉದ್ದಕ್ಕೆ ಗುಂಡು ಹಾಸಿದ ಹಾಗೆ ಜಲ್ಲಿಯೂ ಇದೆ.

ಇನ್ನೊಂದು ಬಗೆಯ ತೇಪೆಯೂ ಉಂಟು. ಡಾಮರು ಜಾಸ್ತಿಯಾಗಿ ಮೇಲಕ್ಕೆ ಉಕ್ಕಿ ಕರಿ ಕನ್ನಡಿಯಂತೆ ಮಿರುಗುವಂಥದ್ದು. ನೋಡಲು ನಯ, ಒದ್ದೆಯಾದರೆ ಸಾಬೂನು. ರಸ್ತೆ ಮಂಕಾಗಿ, ದೊರಗಾಗಿ ಕಂಡರೆ ನಂಬಬಹುದು, ಮಿರುಗಿದರೆ ನಂಬಬೇಡಿ.

ಮೂರನೆಯದು ಕುಡಿಯುವ ನೀರಿನ ಪೈಪಿಗಾಗಿ ರಸ್ತೆ ಬದಿ ಅಗೆದ ಸಾಲು. ಮೇಲೆ ಕೆಂಪು ಮಣ್ಣು ಮುಚ್ಚಿರುತ್ತಾರೆ. ಮಳೆ ಬಂದಾಗ ಆ ಮಣ್ಣು ಡಾಮರಿನ ಮೇಲೆ ಬೆಣ್ಣೆಯ ಹಾಗೆ ಹರಡುತ್ತದೆ, ಒಳಗೆ ಸಾಲು ಕುಸಿದಿರುತ್ತದೆ. ಸೈಡ್ ಕೊಡಲು ಹೋಗಿ ಗಾಲಿ ಅದರೊಳಗೆ ಇಳಿದರೆ ಮೇಲೆ ಬರುವುದು ಕಷ್ಟ.

ಬ್ರೇಕ್ ಯಾವುದು, ಯಾವಾಗ?

ಊರಲ್ಲಿ ಒಂದು ನಂಬಿಕೆಯಿದೆ: ಮುಂದಿನ ಬ್ರೇಕ್ ಹಿಡಿದರೆ ಮಗುಚುತ್ತದೆ, ಆದ್ದರಿಂದ ಹಿಂದಿನದು ಮಾತ್ರ ಸಾಕು. ಇದು ತಪ್ಪು. ಬ್ರೇಕ್ ಹಾಕಿದಾಗ ಬೈಕಿನ ಭಾರ ಮುಂದಕ್ಕೆ ಬರುತ್ತದೆ. ಹಿಂದಿನ ಗಾಲಿ ಹಗುರವಾಗಿ ಬೇಗ ಲಾಕ್ ಆಗಿ ಜಾರುತ್ತದೆ. ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನದ್ದೇ. ಮಗುಚುವುದು ಮುಂದಿನ ಬ್ರೇಕ್ ಹಿಡಿದದ್ದಕ್ಕಲ್ಲ, ಒಮ್ಮೆಲೇ ಗಪ್ಪನೆ ಹಿಡಿದದ್ದಕ್ಕೆ, ಅಥವಾ ತಿರುಗುತ್ತಿರುವಾಗ ಹಿಡಿದದ್ದಕ್ಕೆ. ಒದ್ದೆ ರಸ್ತೆಯಲ್ಲಿ ಎರಡೂ ಬ್ರೇಕನ್ನು ಒಟ್ಟಿಗೆ, ಹಸುವಿನ ಕೆಚ್ಚಲು ಹಿಂಡುವಷ್ಟು ಹದವಾಗಿ, ಮೆಲ್ಲನೆ ಹೆಚ್ಚಿಸುತ್ತಾ ಒತ್ತಬೇಕು. ಗಾಲಿ ಜಾರಿದಂತೆ ಅನಿಸಿದರೆ ಕೂಡಲೇ ಸಡಿಲಿಸಿ ಮತ್ತೆ ಒತ್ತಬೇಕು.

ಲೆಕ್ಕ ನೋಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಅಪಾಯ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು, ಅಂದರೆ 11 ಮೀಟರ್. ಆಮೇಲೆ ಒಣ ಡಾಮರಿನಲ್ಲಿ ನಿಲ್ಲಲು ಸುಮಾರು 9 ಮೀಟರ್, ಒದ್ದೆಯಲ್ಲಿ ಸುಮಾರು 16. ಒದ್ದೆಯಲ್ಲಿ ಒಟ್ಟು 27 ಮೀಟರ್. ಅದೇ 60 ಕಿ.ಮೀ. ವೇಗವಾದರೆ ಒದ್ದೆಯಲ್ಲಿ ಒಟ್ಟು 52 ಮೀಟರ್ ಬೇಕು. ಒಂಬತ್ತಡಿ ಅಂತರದಲ್ಲಿ ನೆಟ್ಟ ಅಡಿಕೆ ತೋಟದ ಸಾಲಿನಲ್ಲಿ ಅಳೆದರೆ 40ರಲ್ಲಿ ಹತ್ತು ಮರ ದಾಟಿ ನಿಲ್ಲುತ್ತೀರಿ, 60ರಲ್ಲಿ ಹತ್ತೊಂಬತ್ತು ಮರ. ವೇಗ ಒಂದೂವರೆ ಪಟ್ಟು, ದೂರ ಹೆಚ್ಚುಕಡಿಮೆ ಎರಡು ಪಟ್ಟು. ಇದು ಚೆನ್ನಾಗಿರುವ ಟಯರು, ಚೆನ್ನಾಗಿರುವ ಡಾಮರಿನ ಲೆಕ್ಕ. ಜಲ್ಲಿಗೆ, ಕೆಸರಿಗೆ ಈ ಲೆಕ್ಕ ಹಿಡಿಯುವುದಿಲ್ಲ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಸಣ್ಣವಕ್ಕೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ಇರುವ ಸ್ಕೂಟರಿನಲ್ಲಿ ಎಡಗೈಯ ಹಿಡಿ ಒತ್ತಿದರೆ ಎರಡೂ ಗಾಲಿಗೆ ಬ್ರೇಕ್ ಬೀಳುತ್ತದೆ. ಎಬಿಎಸ್ ಗಾಲಿ ಲಾಕ್ ಆಗದಂತೆ ತಡೆಯುತ್ತದೆ. ಆದರೆ ಖಾಲಿ ಕೊಡಕ್ಕೆ ಅದು ನೀರು ತುಂಬಿಸುವುದಿಲ್ಲ. ಜಲ್ಲಿಯ ಮೇಲೆ ಎಬಿಎಸ್ ಇದ್ದರೂ ನಿಲ್ಲುವ ದೂರ ಉದ್ದವೇ. ಹಲವು ಬೈಕುಗಳಲ್ಲಿ ಅದು ಮುಂದಿನ ಗಾಲಿಗೆ ಮಾತ್ರ ಇರುತ್ತದೆ ಎಂಬುದೂ ನೆನಪಿರಲಿ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಎಂಜಿನ್ ಬಂದ್ ಮಾಡಿ ಬಿಡುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಎರಡು ರೂಪಾಯಿ ಪೆಟ್ರೋಲಿಗೆ ಎಂಜಿನಿನ ತಡೆಯನ್ನು ಕಳೆದುಕೊಂಡು ಇಡೀ ಭಾರವನ್ನು ಒದ್ದೆ ಬ್ರೇಕಿನ ಮೇಲೆ ಹಾಕಿದಂತಾಯಿತು. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಆದರೆ ಗೇರನ್ನು ಮೇಲೆಯೇ, ಇಳಿಜಾರು ಶುರುವಾಗುವ ಮೊದಲೇ ಇಳಿಸಿಕೊಳ್ಳಿ. ನಡುವೆ ತಟ್ಟನೆ ಇಳಿಸಿದರೆ ಹಿಂದಿನ ಗಾಲಿ ಜಾರೀತು.

ಜಲ್ಲಿಯ ಮೇಲೆ ಹೋಗುವಾಗ ಕೈ ಬಿಗಿ ಹಿಡಿಯಬೇಡಿ. ಹ್ಯಾಂಡಲ್ ಸ್ವಲ್ಪ ಅಲುಗಾಡಲಿ, ಅದು ತಾನೇ ಸರಿಯಾಗುತ್ತದೆ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಎಕ್ಸಿಲೇಟರ್ ಇದ್ದ ಹಾಗೆಯೇ ಇರಲಿ, ಕಣ್ಣು ದೂರ ಇರಲಿ. ಗಾಲಿಯ ಬುಡದ ಹೊಂಡವನ್ನೇ ನೋಡಿದರೆ ಬೈಕ್ ಅಲ್ಲಿಗೇ ಹೋಗುತ್ತದೆ. ತಪ್ಪಿಸಲಾಗದ ಹೊಂಡವಾದರೆ ಮೊದಲೇ ವೇಗ ತಗ್ಗಿಸಿ, ಗಾಲಿ ಇಳಿಯುವ ಮುನ್ನ ಬ್ರೇಕ್ ಬಿಟ್ಟುಬಿಡಿ. ಬ್ರೇಕ್ ಹಿಡಿದೇ ಇಳಿದರೆ ಮುಂದಿನ ಫೋರ್ಕ್ ಮೊದಲೇ ಕುಗ್ಗಿರುವುದರಿಂದ ಪೆಟ್ಟೆಲ್ಲ ಕೈಗೆ ಬರುತ್ತದೆ. ಸ್ಕೂಟರಿನವರು ಇನ್ನೂ ಜಾಗ್ರತೆ. ಬೈಕಿನ ಗಾಲಿ 17 ಅಥವಾ 18 ಇಂಚು, ಸ್ಕೂಟರಿನದ್ದು ಹೆಚ್ಚಾಗಿ 10 ಅಥವಾ 12. ಬೈಕ್ ಹಾರಿಹೋಗುವ ಹೊಂಡದಲ್ಲಿ ಸ್ಕೂಟರಿನ ಗಾಲಿ ಕೂರುತ್ತದೆ. ಆಳದ ನೀರು ದಾಟಿದ ಮೇಲೆ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ಮೆಲ್ಲನೆ ಒತ್ತುತ್ತಾ ಸ್ವಲ್ಪ ದೂರ ಹೋದರೆ ಒಣಗುತ್ತದೆ.

ಡಾಮರಿನ ಅಂಚಿನ ವಿಷಯ ಬೇರೆಯಾಗಿಯೇ ಹೇಳಬೇಕು. ಎದುರಿನಿಂದ ಬಸ್ ಬಂದಾಗ ಬೈಕಿನವರೇ ಕೆಳಗಿಳಿಯಬೇಕಾದ ಕಿರಿದಾದ ರಸ್ತೆಗಳು ನಮ್ಮವು. ಅಂಚು ಗೇಣುದ್ದ ಎತ್ತರವಿರುವಲ್ಲಿ ಇಳಿದು, ಮತ್ತೆ ಅದೇ ವೇಗದಲ್ಲಿ ಓರೆಯಾಗಿ ಹತ್ತಲು ನೋಡಿದರೆ ಗಾಲಿ ಅಂಚಿಗೆ ಉಜ್ಜಿಕೊಂಡೇ ಹೋಗುತ್ತದೆ, ಮೇಲೆ ಬರುವುದಿಲ್ಲ. ಬೈಕ್ ರಸ್ತೆಯ ಕಡೆಗೆ, ಬಸ್ಸಿನ ಗಾಲಿಯ ಕಡೆಗೆ ಬೀಳುತ್ತದೆ. ಬಸ್ ದೂರದಲ್ಲಿರುವಾಗಲೇ ಅಂಚು ಸಮನಾಗಿರುವಲ್ಲಿ ಇಳಿದು ನಿಂತುಬಿಡಿ. ಹತ್ತುವಾಗ ಬಹಳ ಮೆಲ್ಲಗೆ, ಅಂಚಿಗೆ ಆದಷ್ಟು ನೇರವಾಗಿ ಹತ್ತಿ.

ಕೊಡೆ, ಮೂಟೆ, ಟಯರು

ಹಿಂದೆ ಕುಳಿತವರು ಕೊಡೆ ಬಿಡಿಸುವುದನ್ನು ನಿಲ್ಲಿಸಲೇಬೇಕು. ಗಾಳಿ ತುಂಬಿದ ಕೊಡೆ ಬೈಕನ್ನು ಹಿಂದಕ್ಕೂ ಬದಿಗೂ ಎಳೆಯುತ್ತದೆ, ಹಿಡಿದವರ ಒಂದು ಕೈ ಕೊಡೆಯಲ್ಲೇ ಇರುತ್ತದೆ. ಗುಡ್ಡದ ತಿರುವಿನಲ್ಲಿ ಗಾಳಿ ಬೀಸಿ ಕೊಡೆ ಮಗುಚಿದಾಗ ಹಿಂದಿನವರು ರಸ್ತೆಗೆ ಬಿದ್ದ ಉದಾಹರಣೆಗಳಿಗೆ ಬರವಿಲ್ಲ. ಇಬ್ಬರಿಗೂ ರೈನ್‌ಕೋಟ್ ಇರಲಿ, ಅದರ ತುದಿ, ಸೀರೆಯ ಸೆರಗು, ಶಾಲು ಗಾಲಿಗೆ ಸಿಗದಂತೆ ಮಡಚಿ ಕುಳಿತುಕೊಳ್ಳಿ.

ಹಿಂದಿನ ಸೀಟಿಗೆ 50 ಕಿಲೋ ಹಿಂಡಿ ಮೂಟೆ ಕಟ್ಟಿದರೆ ಮುಂದಿನ ಗಾಲಿ ಹಗುರವಾಗಿ ಹೇಳಿದ ಮಾತು ಕೇಳುವುದಿಲ್ಲ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟರೆ ತೂಕಕ್ಕಿಂತ ಹೆಚ್ಚು ತೊಂದರೆ ಕಾಲು ಕೆಳಗಿಡಲಾಗದ್ದು.

ಟಯರಿನ ಚಡಿಗಳ ನಡುವೆ ಚಿಕ್ಕ ರಬ್ಬರ್ ಉಬ್ಬುಗಳಿರುತ್ತವೆ. ಟಯರು ಸವೆದು ಆ ಉಬ್ಬಿಗೆ ಸಮನಾದರೆ ಬದಲಿಸುವ ಕಾಲ ಬಂತು. "ಈ ಮಳೆಗಾಲ ಒಂದು ಕಳೆಯಲಿ" ಎನ್ನುತ್ತಾರೆ. ಬದಲಿಸಬೇಕಾದ್ದು ಮಳೆಗಾಲಕ್ಕೆ ಮೊದಲು; ಬೇಸಿಗೆಯಲ್ಲಿ ಬೋಳು ಟಯರು ಹೇಗೋ ನಡೆದೀತು, ನೀರನ್ನು ಹೊರಹಾಕಲು ಚಡಿ ಬೇಕೇ ಬೇಕು.

ಫಲಕ ಮತ್ತು ದೂರು

ನಮ್ಮಲ್ಲಿ ಎರಡೂ ಭಾಷೆ ಬಲ್ಲವರಿಗೆ ತೊಂದರೆಯಿಲ್ಲ. ಆದರೆ ಪುತ್ತೂರು, ವಿಟ್ಲ ಕಡೆಯಿಂದ ಬೈಕಿನಲ್ಲಿ ಬರುವ ನೆಂಟರಿಗೆ ಮಲಯಾಳಂ ಫಲಕ ಓದಲಾಗದು. ‘ವೇಗತ ಕುರಯ್ಕುಕ’ ಎಂದರೆ ವೇಗ ತಗ್ಗಿಸಿ, ‘ಪಣಿ ನಡಕ್ಕುನ್ನು’ ಎಂದರೆ ಕೆಲಸ ನಡೆಯುತ್ತಿದೆ, ‘ಅಪಕಡ ಮೇಖಲ’ ಎಂದರೆ ಅಪಘಾತ ವಲಯ. ಅಕ್ಷರಗಳ ರೂಪವನ್ನಾದರೂ ಒಮ್ಮೆ ತೋರಿಸಿಕೊಡಿ.

ಸವಾರ ಎಷ್ಟು ಜಾಗ್ರತೆ ವಹಿಸಿದರೂ ಹೊಂಡ ಹೊಂಡವೇ. 2013ರಿಂದ 2017ರ ವರೆಗೆ ದೇಶದಲ್ಲಿ ರಸ್ತೆ ಹೊಂಡಗಳಿಂದಾದ ಅಪಘಾತಗಳಲ್ಲಿ 14,926 ಮಂದಿ ಸತ್ತ ಸಂಗತಿ 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದು, ಕೋರ್ಟ್ ಕಳವಳ ವ್ಯಕ್ತಪಡಿಸಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಂ ಪ್ರಕಾರ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಅಧಿಕಾರಿ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿ ವರೆಗೆ ದಂಡ ಹಾಕಬಹುದು. ಇದಕ್ಕೆ ದಾಖಲೆ ಬೇಕು. ಹೊಂಡದ ಫೋಟೋ, ತಾರೀಕು ಸಮೇತ ಮೊದಲೇ ಕೊಟ್ಟ ದೂರು ಇದ್ದರೆ ಮಾತಿಗೆ ಬಲ ಬರುತ್ತದೆ. ಕೇರಳದ ಲೋಕೋಪಯೋಗಿ ಇಲಾಖೆಯ ರಸ್ತೆಗಳಿಗೆ 2021ರಲ್ಲಿ ಬಂದ ‘ಪಿಡಬ್ಲ್ಯುಡಿ ಫೋರ್ ಯು’ ಆ್ಯಪ್‌ನಲ್ಲಿ ಫೋಟೋ ಹಾಕಿ ದೂರು ಕೊಡಬಹುದು. ಹೆದ್ದಾರಿಯಾದರೆ 1033ಕ್ಕೆ ಕರೆ. ಒಳರಸ್ತೆಗೆ ಪಂಚಾಯತ್ ಕಚೇರಿಗೇ ಬರೆದು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಅಲ್ಲಿಯವರೆಗೆ ಹೊಂಡದಲ್ಲಿ ಗೆಲ್ಲು ನೆಟ್ಟು ಎಚ್ಚರಿಸುವ ಪದ್ಧತಿ ಒಳ್ಳೆಯದೇ. ರಾತ್ರಿ ಮಳೆಯಲ್ಲಿ ಹಸಿರು ಕಾಣದು, ತುದಿಗೆ ಬಿಳಿ ಬಟ್ಟೆ ಕಟ್ಟಿ. ಕಲ್ಲು ಮಾತ್ರ ಇಡಬೇಡಿ. ಹೊಂಡಕ್ಕೆ ಬೀಳದವನು ಆ ಕಲ್ಲಿಗೆ ಬಡಿದು ಬಿದ್ದಾನು.