ದೋಣಿಯ ಸಡಿಲ ಸ್ಕ್ರೂ ತೂತು

ನಮ್ಮ ಫೈಬರ್ ದೋಣಿಯ ಹಗ್ಗ ಕಟ್ಟುವ ಕೊಂಡಿಯ ಸ್ಕ್ರೂ ಎಷ್ಟು ತಿರುಗಿಸಿದರೂ ಬಿಗಿಯಾಗುತ್ತಿರಲಿಲ್ಲ. ಮನೆ ಬಾಗಿಲಿಗೆ ಮಾಡಿದ ಹಾಗೆ ನಾನು ತೂತಿಗೆ ಬೆಂಕಿಕಡ್ಡಿ ತುರುಕಿ ಬಿಗಿದೆ. ರಾತ್ರಿ ಗಂಗೊಳ್ಳಿ ಹೊಳೆಯ ಇಳಿತಕ್ಕೆ ಕೊಂಡಿ ಕಿತ್ತು ದೋಣಿ ತೇಲಿಹೋಯ್ತು. ಅಪ್ಪಯ್ಯ ಹುಡುಕಿ ತಂದರು. ಬೈಯಲಿಲ್ಲ, "ಬಾ, ಕಲಿ" ಅಂದರು ಅಷ್ಟೆ.

ಫೈಬರ್ ಪದರ ತೆಳು. ನಮ್ಮ ದೋಣಿಯಲ್ಲಿ ಕೊಂಡಿಯ ಅಡಿಗೆ ಪ್ಲೈವುಡ್ ಇದೆ. ತೂತಿನಿಂದ ನೀರು ಇಳಿದರೆ ಅದು ಕೊಳೆಯುತ್ತದೆ. ದಪ್ಪ ಸ್ಕ್ರೂ ಹಾಕಿದರೂ ಸ್ವಲ್ಪ ದಿನ ಅಷ್ಟೆ. ಅದಕ್ಕೇ ತೂತನ್ನು ದೊಡ್ಡದು ಮಾಡಿ, ಕೊಳೆತದ್ದನ್ನು ಕೆರೆದು, ಚೆನ್ನಾಗಿ ಒಣಗಿಸಿದೆವು. ಅಪ್ಪಯ್ಯ ಕೈಗವಸು ಹಾಕಿಕೊಂಡು ಎಪಾಕ್ಸಿಯ ಎರಡೂ ಡಬ್ಬಿಯದ್ದನ್ನು ಸರಿಯಾದ ಅಳತೆಯಲ್ಲಿ ಕಲಸಿ (ಅಳತೆ ತಪ್ಪಿದರೆ ಗಟ್ಟಿಯಾಗುವುದಿಲ್ಲ), ಸಣ್ಣ ಫೈಬರ್ ಚೂರು ಸೇರಿಸಿ ತುಂಬಿದರು. ಮರುದಿನ ಸ್ಕ್ರೂಗಿಂತ ಸಪೂರ ತೂತು ಕೊರೆದು ಬಿಗಿದೆವು. ಬೋಲ್ಟ್ ಇನ್ನೂ ಗಟ್ಟಿ, ಆದರೆ ಅಡಿಗೆ ಕೈ ಹೋಗುವುದಿಲ್ಲ.

ಈಗ ದಿನಾ ಸಂಜೆ ಕೊಂಡಿ ಎಳೆದು ನೋಡುವವನು ನಾನೇ.