ಮೊದಲು ನೆಲ, ಕೊನೆಗೆ ಬಣ್ಣ

ಮೋಲ್ಡ್ ಹಾಕುವ ತನಕ ಹೊಸ ಮನೆಯಲ್ಲಿ ನಡೆಯುವುದು ಮೇಸ್ತ್ರಿ ಮತ್ತು ಇಂಜಿನಿಯರ್ ಮಾತು. ಕಬ್ಬಿಣ ಎಷ್ಟು, ಸಿಮೆಂಟ್ ಎಷ್ಟು ಎಂಬ ಲೆಕ್ಕದಲ್ಲಿ ಮನೆಯವರು ಹೆಚ್ಚು ಬಾಯಿ ಹಾಕುವುದಿಲ್ಲ. ಪ್ಲಾಸ್ಟರಿಂಗ್ ಮುಗಿಯುತ್ತಿದ್ದಂತೆ ಎಲ್ಲರಿಗೂ ಅಭಿಪ್ರಾಯ ಹುಟ್ಟುತ್ತದೆ. ಮಗಳಿಗೆ ತಿಳಿನೀಲಿ ಕೋಣೆ ಬೇಕು, ಅಜ್ಜಿಗೆ ದೇವರಮನೆ ಹಳದಿಯೇ ಆಗಬೇಕು, ಭಾವಮೈದುನ ಮೊಬೈಲಿನಲ್ಲಿ ಯಾರದೋ ಮನೆಯ ಬೂದುಬಣ್ಣದ ಹಾಲ್ ತೋರಿಸುತ್ತಾನೆ. ಚರ್ಚೆ ಗೋಡೆಯ ಬಣ್ಣದಿಂದ ಶುರುವಾಗುತ್ತದೆ. ಶುರುವಾಗಬೇಕಾದದ್ದು ನೆಲದಿಂದ.

ಗೋಡೆಯ ಬಣ್ಣವನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಬಹುದು. ಹಾಕಿದ ನೆಲವನ್ನು ಕಿತ್ತು ಬೇರೆ ಹಾಕಿಸುವುದು ಬಹಳ ಮನೆಗಳಲ್ಲಿ ಆಗದ ಮಾತು. ಪೇಂಟ್ ಅಂಗಡಿಯಲ್ಲಿ ಬೇಕೆಂದ ಶೇಡ್ ಅನ್ನು ಮಿಷನ್ನಿನಲ್ಲೇ ಬೆರೆಸಿ ಕೊಡುತ್ತಾರೆ. ಬಜೆಟ್ಟಿಗೂ ಮನಸ್ಸಿಗೂ ಒಪ್ಪುವ ಟೈಲ್ಸ್ ಅಥವಾ ಗ್ರಾನೈಟ್ ಸಿಗುವುದು ಕೆಲವೇ ಬಗೆ. ಆದ್ದರಿಂದ ನೆಲ, ಅಡುಗೆಕಟ್ಟೆ, ಬಾಗಿಲಿನ ಮರ ಇವು ಮೂರು ಗೊತ್ತಾದ ಮೇಲೆಯೇ ಶೇಡ್ ಕಾರ್ಡ್ ಬಿಚ್ಚುವುದು ಒಳ್ಳೆಯದು.

ಕರ್ನಾಟಕದಲ್ಲಿ ನೆಲಕ್ಕೆ ಕಲ್ಲಿನ ಬರವಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್, ಚಾಮರಾಜನಗರದ ಕರಿಕಲ್ಲು ಎಲ್ಲವೂ ಇಲ್ಲಿಯವೇ. ಆದರೂ ಈಗ ಬಹಳಷ್ಟು ಮನೆಗಳಿಗೆ ಗುಜರಾತಿನ ಮೋರ್ಬಿಯಲ್ಲಿ ತಯಾರಾದ ವಿಟ್ರಿಫೈಡ್ ಟೈಲ್ಸ್ ಬರುತ್ತವೆ. ಅವು ನೀರು ಹೀರುವುದು ಶೇಕಡಾ 0.5ಕ್ಕಿಂತ ಕಡಿಮೆ, ಹಾಗಾಗಿ ಕಲೆ ಕೂರುವುದು ಅಪರೂಪ. ತೊಂದರೆ ಇರುವುದು ಹೊಳಪಿನಲ್ಲಿ. ಶೋರೂಮಿನ ದೀಪದ ಕೆಳಗೆ ಕನ್ನಡಿಯಂತೆ ಮಿಂಚುವ ಟೈಲ್ಸ್ ಬಚ್ಚಲಲ್ಲಿ ವಯಸ್ಸಾದವರ ಕಾಲು ಜಾರಿಸುತ್ತದೆ. ನೀರು ಬೀಳುವ ಕಡೆಗೆಲ್ಲ ತರಿತರಿ ಮೈಯಿರುವ ಮ್ಯಾಟ್ ಟೈಲ್ಸನ್ನೇ ಹಾಕಿಸಬೇಕು. ಈ ವಿಷಯದಲ್ಲಿ ಅಂದಕ್ಕೆ ಸೋಲಬಾರದು.

ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಬೆಂಗಳೂರು, ಮೈಸೂರಿನಲ್ಲಿ ಮತ್ತೆ ಬೇಡಿಕೆ ಬಂದಿದೆ. ಸಿಮೆಂಟಿಗೆ ಐರನ್ ಆಕ್ಸೈಡ್ ಪುಡಿ ಬೆರೆಸಿ, ಹಸಿ ಗಾರೆಯ ಮೇಲೆ ಹರಡಿ, ಕರಣೆಯಲ್ಲಿ ಉಜ್ಜುತ್ತ ಹೊಳಪು ತರಿಸುವ ಕೆಲಸ ಅದು. ಸಾಮಗ್ರಿಗೆ ಖರ್ಚು ಕಡಿಮೆ, ಬೇಕಾದದ್ದು ಪಳಗಿದ ಕೈ. ಒಂದು ಕೋಣೆಯನ್ನು ಒಂದೇ ದಿನದಲ್ಲಿ, ನಡುವೆ ನಿಲ್ಲಿಸದೆ ಮುಗಿಸಬೇಕು; ಅರ್ಧಕ್ಕೆ ಬಿಟ್ಟು ಮರುದಿನ ಮುಂದುವರಿಸಿದರೆ ಕೂಡಿಸಿದ ಗೆರೆ ಕಡೆಯತನಕ ಕಾಣುತ್ತದೆ. ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ಇಷ್ಟಾದರೂ ಕೂದಲೆಳೆಯಂಥ ಬಿರುಕು ಬರಬಹುದು. ಒಪ್ಪಿಸುವ ಮುನ್ನ ಆ ಗಾರೆಯವರು ಮೊದಲು ಮಾಡಿದ ಒಂದು ಮನೆಯ ನೆಲವನ್ನು ಹೋಗಿ ನೋಡಿ ಬರುವುದು ಅಗತ್ಯ.

ಅಡುಗೆಕಟ್ಟೆಗೆ ಬಿಳಿ ಮಾರ್ಬಲ್ ಹಾಕಿಸುವ ಆಸೆ ಹಲವರಿಗೆ. ಮಾರ್ಬಲ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಕಿದರೆ ಕರಗುತ್ತದೆ. ನಿಂಬೆಹಣ್ಣು ಹಿಂಡಿದಾಗ ಸಿಡಿದ ಹನಿ, ಹುಣಸೆಹುಳಿ ಕಿವುಚಿದ ಪಾತ್ರೆ ಇಟ್ಟ ಜಾಗ ಹೊಳಪು ಕಳೆದುಕೊಂಡು ಮಂಕಾಗುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಸಾರು, ಗೊಜ್ಜು, ಚಿತ್ರಾನ್ನ ಮಾಡುವ ಮನೆಗೆ ಗ್ರಾನೈಟೇ ಸರಿ.

ಇನ್ನು ಗೋಡೆ. ಬಣ್ಣ ಹೇಗೆ ಕಾಣುತ್ತದೆಂಬುದು ಬೆಳಕಿನ ಮೇಲೆ ನಿಂತಿದೆ. ಉತ್ತರದ ಕೋಣೆಗೆ ಬಿಸಿಲು ಬೀಳದು, ಅಲ್ಲಿ ಬೆಚ್ಚನೆಯ ಬಣ್ಣ ಬಳಿಯಿರಿ ಎಂದು ವಿದೇಶಿ ವಿನ್ಯಾಸದ ಪುಸ್ತಕಗಳು ಹೇಳುವುದುಂಟು. ಅದು ಚಳಿದೇಶದ ಮಾತು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಎರಡು ದಿನಗಳ ನಡುವೆ ಮಧ್ಯಾಹ್ನ ಅವನಿರುವುದು ಉತ್ತರಕ್ಕೆ. ನಮ್ಮ ಉತ್ತರದ ಗೋಡೆ ಅಷ್ಟು ತಣ್ಣಗಿನದಲ್ಲ. ಕಷ್ಟ ಕೊಡುವುದು ಪಶ್ಚಿಮ: ಸಂಜೆಯ ಬಿಸಿಲಿನಲ್ಲಿ ಅಲ್ಲಿನ ಕಿತ್ತಳೆ, ಹಳದಿಗಳು ಉರಿಯುವಂತೆ ಕಾಣುತ್ತವೆ. ಎದುರು ಮನೆಯ ಗೋಡೆ ಗಿಣಿಹಸಿರಾಗಿದ್ದರೆ ಅದರ ಛಾಯೆಯೂ ಕಿಟಕಿಯಿಂದ ಒಳಗೆ ಬರುತ್ತದೆ.

ಹಾಗಾಗಿ ಅಂಗಡಿಯಲ್ಲಿ ನಿಂತು ಅಂಚೆಚೀಟಿಯಷ್ಟು ತುಂಡು ನೋಡಿ ತೀರ್ಮಾನಿಸಬಾರದು. ಸಣ್ಣ ಡಬ್ಬಿ ತಂದು, ಎರಡಡಿ ಹಲಗೆಗೆ ಎರಡು ಕೋಟ್ ಬಳಿದು, ಅದೇ ಕೋಣೆಯಲ್ಲಿ ನೆಲದ ಟೈಲ್ಸಿನ ಪಕ್ಕ ಒರಗಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಬೇಕು. 3000 ಕೆಲ್ವಿನ್ ಎಲ್‌ಇಡಿಯ ಹಳದಿ ಬೆಳಕಿನಲ್ಲಿ ಇಷ್ಟವಾದ ಬೂದುಬಣ್ಣ, 6500 ಕೆಲ್ವಿನ್ ಬಿಳಿ ಬೆಳಕಿನಲ್ಲಿ ನೀಲಿಗೆ ತಿರುಗಬಹುದು. ನಾಲ್ಕೂ ಗೋಡೆಗೆ ಬಳಿದಾಗ ಒಂದು ಗೋಡೆಯ ಬಣ್ಣ ಇನ್ನೊಂದರ ಮೇಲೆ ಬಿದ್ದು ಗಾಢವಾಗುತ್ತದೆ. ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯದನ್ನು ಆರಿಸಿದರೆ ಕ್ಷೇಮ.

ಬಣ್ಣಗಳ ಸಂಖ್ಯೆಯೂ ಕಡಿಮೆಯಿರಲಿ. ಸಾಗರದ ಸುತ್ತಮುತ್ತ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಇಷ್ಟೇ ಇರುವುದು. ಅಷ್ಟರಲ್ಲೇ ಗೋಡೆ ತುಂಬಿ ನಿಲ್ಲುತ್ತದೆ.

ಹೊಸ ಮನೆಯ ಬಣ್ಣ ಕೆಡುವುದು ಹೆಚ್ಚಾಗಿ ಶೇಡಿನಿಂದಲ್ಲ, ಅವಸರದಿಂದ. ಗೃಹಪ್ರವೇಶದ ಮುಹೂರ್ತ ಗೊತ್ತಾಗಿ, ಕಾರ್ಡ್ ಹಂಚಿಯಾಗಿದೆ. ಗೋಡೆ ಇನ್ನೂ ಹಸಿ. ಹೊಸ ಸಿಮೆಂಟ್ ಪ್ಲಾಸ್ಟರಿನಲ್ಲಿ ತೇವದ ಜೊತೆ ಕ್ಷಾರವೂ ಇರುತ್ತದೆ. ಅದರ ಮೇಲೆ ಪುಟ್ಟಿ, ಪ್ರೈಮರ್, ಪೇಂಟ್ ಹೇರಿದರೆ ಒಳಗಿನ ನೀರು ಹೊರಬರುವಾಗ ಉಪ್ಪನ್ನೂ ಎಳೆದು ತರುತ್ತದೆ. ಗೋಡೆ ಬಿಳಿ ಪುಡಿ ಬಿಡುತ್ತದೆ, ಪೇಂಟ್ ಬೊಬ್ಬೆ ಎದ್ದು ಸುಲಿಯುತ್ತದೆ. ಪ್ಲಾಸ್ಟರ್ ಆದ ಮೇಲೆ ಕನಿಷ್ಠ 28 ದಿನ ಬಿಡಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅದೂ ಸಾಲದು. ಪರೀಕ್ಷೆ ಸುಲಭ: ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ ಪೇಂಟರನ್ನು ವಾಪಸ್ ಕಳಿಸಬೇಕು. ಗೃಹಪ್ರವೇಶಕ್ಕೆ ಬರೀ ಪ್ಲಾಸ್ಟರಿನ ಗೋಡೆ ಸಾಕು. ಹಾಲುಕ್ಕಿಸಲು ಅದೇನೂ ಅಡ್ಡಿಯಲ್ಲ.

ಪುಟ್ಟಿ ಹಾಕಿ ಉಜ್ಜಿದ ಮೇಲೆ ಕತ್ತಲಲ್ಲಿ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ನೋಡಿದರೆ ಏರುತಗ್ಗುಗಳೆಲ್ಲ ನೆರಳಾಗಿ ಎದ್ದು ಬರುತ್ತವೆ. ತಿದ್ದಿಸುವುದಕ್ಕೆ ಅದೇ ಸಮಯ. ಗೋಡೆ ಪೂರ್ತಿ ಸಮನಾಗಿಲ್ಲದಿದ್ದರೆ ಮ್ಯಾಟ್ ಪೇಂಟ್ ಅದನ್ನು ಮರೆಸುತ್ತದೆ, ಹೊಳಪಿನದು ಎತ್ತಿ ತೋರಿಸುತ್ತದೆ. ಮಕ್ಕಳು ಗೀಚುವ ಗೋಡೆಗೆ ಮಾತ್ರ ಒರೆಸಿದರೆ ಹೋಗುವ ಪೇಂಟೇ ಬೇಕು. 2017ರ ನವೆಂಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ. ಡಬ್ಬಿಯ ಮೇಲೆ ಅದನ್ನು ಓದಿಯೇ ಕೊಳ್ಳಬೇಕು.

ಟೈಲ್ಸ್ ತರುವಾಗ ಎಲ್ಲ ಬಾಕ್ಸ್‌ಗಳ ಬ್ಯಾಚ್ ನಂಬರ್ ಒಂದೇ ಇದೆಯೇ ನೋಡಬೇಕು, ಬ್ಯಾಚ್ ಬದಲಾದರೆ ಬಣ್ಣವೂ ತುಸು ಬದಲಾಗುತ್ತದೆ. ಕತ್ತರಿಸುವಾಗ ಹಾಳಾಗುವುದಕ್ಕೆಂದು ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚು ತಂದು, ಉಳಿದ ನಾಲ್ಕಾರನ್ನು ಅಟ್ಟದ ಮೇಲೆ ಇಡಬೇಕು. ಯಾವ ಕೋಣೆಗೆ ಯಾವ ಕಂಪನಿಯ ಯಾವ ಕೋಡಿನ ಪೇಂಟ್ ಎಂಬುದನ್ನು ವಾರ್ಡ್‌ರೋಬ್ ಬಾಗಿಲಿನ ಒಳಬದಿಗೆ ಬರೆದಿಟ್ಟರೆ, ನಾಳೆ ಪ್ಲಂಬರ್ ಗೋಡೆ ಒಡೆದಾಗ ತೇಪೆ ಹಾಕಲು ಅದೇ ಬಣ್ಣ ಸಿಗುತ್ತದೆ.