ತಿಳಿವು ಬಲಿಯುವವರೆಗೆ ತಾಳ್ಮೆ

ಸಾಂಸರ್ಗಿಕ ರೋಗವು ನಾಡನ್ನು ಹೊಕ್ಕಾಗ ಜನರು ಎರಡು ಬಗೆಯ ಕಷ್ಟಕ್ಕೆ ಗುರಿಯಾಗುವರು. ಒಂದು, ರೋಗದ ಕಷ್ಟ. ಇನ್ನೊಂದು, ಅದನ್ನು ತಡೆಯಲೆಂದು ಸರಕಾರದವರು ವಿಧಿಸುವ ನಿರ್ಬಂಧಗಳ ಕಷ್ಟ. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡು ಕುಳಿತ ದಿನಗಳನ್ನು ವಾಚಕರು ಮರೆತಿರಲಾರರು. ಆಗ ನಿರ್ಬಂಧದಷ್ಟೇ ಜನರನ್ನು ಕಾಡಿದ್ದು ಬಲ್ಲವರ ಮಾತಿನ ಏರಿಳಿತ. ಆರೋಗ್ಯವಂತರಿಗೆ ಮುಖಗವಸು ಬೇಕಿಲ್ಲವೆಂದಿದ್ದ ಸರಕಾರವೇ ಏಪ್ರಿಲ್ ತಿಂಗಳಲ್ಲಿ ಅದನ್ನು ಧರಿಸಿರೆಂದಿತು. ವಿಶ್ವ ಆರೋಗ್ಯ ಸಂಸ್ಥೆಯೂ ಜೂನ್ 5ರಂದು ತನ್ನ ಸಲಹೆಯನ್ನು ಹಾಗೆಯೇ ತಿದ್ದಿಕೊಂಡಿತು. ಕಾಯಿಪಲ್ಲೆಯನ್ನು ತೊಳೆತೊಳೆದು ಬೇಸತ್ತವರಿಗೆ, ಕೋವಿಡ್ ಹರಡುವದು ಮುಖ್ಯವಾಗಿ ಉಸಿರಾಡುವ ಗಾಳಿಯಿಂದಲೇ ಎಂಬುದು ಆಮೇಲೆ ತಿಳಿಯಿತು. ಬಲ್ಲವರೇ ಹೀಗೆ ಮಾತು ತಿರುಗಿಸಿದರೆ ನಾವೇಕೆ ಕೇಳಬೇಕು ಎಂಬ ಪ್ರಶ್ನೆಯು ಮನೆಮನೆಗಳಲ್ಲಿಯೂ ಎದ್ದಿತು.

ಈ ಪ್ರಶ್ನೆಯನ್ನು ನಾವು ತಿರಸ್ಕರಿಸಲಾರೆವು. ಆದರೆ ಅದಕ್ಕೆ ಉತ್ತರವು ನಮ್ಮ ಹಿರಿಯರ ಅನುಭವದಲ್ಲಿಯೇ ಇದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಆ ರೋಗದ ಸೂಕ್ಷ್ಮಜೀವಿಯನ್ನು ಯೆರ್ಸಿನ್ ಎಂಬ ವಿದ್ವಾಂಸನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡಿದ್ದನು. ಅದು ಮನುಷ್ಯರಿಗೆ ಹೇಗೆ ತಗಲುವದೆಂಬುದು ಮಾತ್ರ ಸ್ಪಷ್ಟವಾಗಿರಲಿಲ್ಲ. ಹೊಲಸೇ ಮೂಲವೆಂದು ಬಗೆದು ಅಧಿಕಾರಿಗಳು ಮನೆಗಳಿಗೆಲ್ಲ ಔಷಧದ ನೀರು ಹೊಡೆಸಿದರು. 1898ರಲ್ಲಿ ಕರಾಚಿಯಲ್ಲಿ ಸಿಮೊಂ ಎಂಬ ಫ್ರೆಂಚ್ ವೈದ್ಯನು, ಇಲಿಯ ಚಿಗಟವೇ ರೋಗವನ್ನು ಸಾಗಿಸುವದೆಂದು ಪ್ರಯೋಗದಿಂದ ತೋರಿಸಿದನು. ಪಂಡಿತರೆಲ್ಲರೂ ಅದನ್ನು ಒಪ್ಪಲು ಹೆಚ್ಚುಕಡಿಮೆ ಹತ್ತು ವರ್ಷ ಹಿಡಿಯಿತು. ಅಷ್ಟರವರೆಗೆ ನಮ್ಮ ಜನರು ಕೈಕಟ್ಟಿ ಕುಳಿತರೆ? ಇಲ್ಲ. ಇಲಿ ಬಿದ್ದ ಮನೆಯನ್ನು ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಹುಬ್ಬಳ್ಳಿಯಲ್ಲಿ 1898ರಲ್ಲಿ ಸಾವಿರಾರು ಜನರು ಹಾಫ್‌ಕಿನ್ನರ ಲಸಿಕೆಯನ್ನು ಹಾಕಿಸಿಕೊಂಡರು. ಪೂರ್ಣ ಜ್ಞಾನಕ್ಕಾಗಿ ಕಾಯದೆ ಇದ್ದಷ್ಟು ತಿಳಿವಿನಿಂದಲೇ ಜೀವ ಉಳಿಸಿಕೊಂಡರು.

ಮಾತು ಬದಲಿಸಿದವರೆಲ್ಲ ವಂಚಕರಲ್ಲ. ಕೋವಿಡ್‌ನಿಂದ ಗುಣವಾದವರ ರಕ್ತದ ಪ್ಲಾಸ್ಮಾ ಕೊಟ್ಟರೆ ರೋಗಿಯು ಬದುಕುವನೆಂಬ ನಂಬಿಕೆಯು 2020ರಲ್ಲಿ ಬಲವಾಗಿದ್ದಿತು. ದಾನಿಗಳಿಗಾಗಿ ಬಂಧುಗಳು ಊರೆಲ್ಲ ಅಲೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಸೇರಿಸಿಕೊಂಡು ಪರೀಕ್ಷಿಸಿ ನೋಡಲಾಗಿ, ಅದರಿಂದ ಸಾವು ಕಡಿಮೆಯಾಗಲಿಲ್ಲ. 2021ರ ಮೇ ತಿಂಗಳಲ್ಲಿ ಆ ಉಪಚಾರವನ್ನು ಚಿಕಿತ್ಸಾಕ್ರಮದಿಂದ ಕೈಬಿಟ್ಟರು. ತನ್ನ ಮಾತನ್ನು ತಾನೇ ಒರೆಗೆ ಹಚ್ಚಿ ತಿದ್ದಿಕೊಳ್ಳುವದೇ ಶಾಸ್ತ್ರದ ಬಲ. ಸಂತೆಯಲ್ಲಿ ಸರ್ವರೋಗಕ್ಕೂ ಒಂದೇ ಬೇರು ಮಾರುವವನು ಮಾತ್ರ ತನ್ನ ಮಾತನ್ನು ಎಂದೂ ಬದಲಿಸುವದಿಲ್ಲ.

ಹಾಗೆಂದು ತಾಳ್ಮೆಯ ಭಾರವನ್ನೆಲ್ಲ ಪ್ರಜೆಗಳ ಮೇಲೆಯೇ ಹೊರಿಸುವದು ನ್ಯಾಯವಲ್ಲ. 1897ರಲ್ಲಿ ಪುಣೆಯಲ್ಲಿ ಸೈನಿಕರು ಮನೆಗಳನ್ನು ಹೊಕ್ಕು ರೋಗಿಗಳನ್ನು ಹುಡುಕಿದರು. ಜನರು ರೋಗಕ್ಕಿಂತ ಹೆಚ್ಚಾಗಿ ಸರಕಾರಕ್ಕೆ ಹೆದರಿದರು. ಅದೇ ವರ್ಷದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ಉಪಯೋಗಿಸಲಾಯಿತು. ರಾತ್ರಿ ಎಂಟಕ್ಕೆ ಸಾರಿದ ಆಜ್ಞೆಯು ನಾಲ್ಕೇ ಗಂಟೆಗಳಲ್ಲಿ ಜಾರಿಗೆ ಬರಲು, ಕೂಲಿಕಾರರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಮೈಲಿ ನಡೆದುದನ್ನು ನಾವು ಕಂಡಿದ್ದೇವೆ. ಸಂಬಳ ತಪ್ಪದವನ ತಾಳ್ಮೆ ಬೇರೆ, ಅಂದಂದಿನ ಗಂಜಿಯನ್ನು ಅಂದಂದೇ ದುಡಿಯುವವನ ತಾಳ್ಮೆ ಬೇರೆ.

ಕೋವಿಡ್‌ನ ಜಾಗತಿಕ ತುರ್ತುಸ್ಥಿತಿಯು ಮುಗಿಯಿತೆಂದು 2023ರ ಮೇ 5ರಂದು ಸಾರಲಾಯಿತು. ಇನ್ನೊಂದು ಪಿಡುಗು ಬರಲಾರದೆಂದು ಯಾರೂ ಹೇಳಲಾರರು. ಅದು ಬಂದಾಗ ಅಧಿಕಾರಿಗಳು ಮೂರು ಮಾತುಗಳನ್ನು ಮುಚ್ಚುಮರೆಯಿಲ್ಲದೆ ಹೇಳಲಿ: ಇಂದು ನಮಗೆ ಗೊತ್ತಿರುವದು ಇಷ್ಟು, ಗೊತ್ತಿಲ್ಲದ್ದು ಇಷ್ಟು, ಈ ನಿರ್ಬಂಧವನ್ನು ಮತ್ತೆ ವಿಚಾರ ಮಾಡುವದು ಇಂಥ ದಿನ. ಅದರೊಡನೆ ಬಡವನ ಮನೆಗೆ ಅಕ್ಕಿ ಜೋಳಗಳನ್ನೂ ಮುಟ್ಟಿಸಲಿ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಜನರಿಗೆ ನೆನಪಿಸುವ ಅಧಿಕಾರವು ಅವರಿಗೆ ಆಗ ಬರುವದು. ಜನರೂ ಅದನ್ನು ಕೇಳುವರೆಂದು ನಮ್ಮ ನಂಬಿಕೆ.